ಕಿವಿ ಒಂದೇ ಕಡೆ ನಿಂತುಬಿಟ್ಟಿದೆ: ನಿಮ್ಮ ಮೆಚ್ಚಿನ ರಾಕ್ ಬ್ಯಾಂಡ್, ವಿಚಿತ್ರ ತಂಡ ಯಾವುದು?

ರಾತ್ರಿಕೇಳುಗ

ಹದಿನೈದು ವರ್ಷಗಳಿಂದ ನಾನು ಕೇಳುತ್ತಿರುವುದು ಅದೇ ಐದಾರು ಬ್ಯಾಂಡುಗಳನ್ನು. ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಪೆಲಿನ್, ಡೀಪ್ ಪರ್ಪಲ್, ಮೆಟಾಲಿಕಾ, ಐರನ್ ಮೇಡನ್. ಇವರ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೆ ಡ್ರಮ್ ಎಲ್ಲಿ ಬೀಳುತ್ತದೆ, ಗಿಟಾರ್ ಯಾವಾಗ ಏರುತ್ತದೆ, ಯಾವ ಸಾಲಿನಲ್ಲಿ ಗಾಯಕ ಉಸಿರೆಳೆದುಕೊಳ್ಳುತ್ತಾನೆ ಎಂಬುದೆಲ್ಲ ಬಾಯಿಪಾಠವಾಗಿಬಿಟ್ಟಿದೆ. ಮೊನ್ನೆ ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದೆ. ಇಡೀ ಆಲ್ಬಂ ಮುಗಿದುಹೋಗಿತ್ತು, ನನಗೆ ತಿಳಿದೇ ಇರಲಿಲ್ಲ. ಅಷ್ಟು ಪ್ರೀತಿಸಿದ ಸಂಗೀತ ಗೋಡೆಯ ಬಣ್ಣದಂತೆ ಕಣ್ಣಿಗೆ ಬೀಳದೆ ಹೋಯಿತಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ನಿಮ್ಮ ಮೆಚ್ಚಿನ ಬ್ಯಾಂಡ್ ಹೇಳಿ. ವಿಚಿತ್ರ ತಂಡಗಳಿದ್ದರೆ ಇನ್ನೂ ಒಳ್ಳೆಯದು. ಉದ್ದದ ಪಟ್ಟಿ ಬೇಡ. ಎಲ್ಲಿಂದ ಶುರು ಮಾಡಬೇಕು, ಏಕೆ ಕೇಳಬೇಕು ಎಂದು ಹೇಳಿ. ವೇಷ ಮಾತ್ರ ವಿಚಿತ್ರವಾಗಿದ್ದು ಹಾಡು ಸಪ್ಪೆಯಾಗಿರುವವರು ಬೇಡ. ವಿಚಿತ್ರ ಎನ್ನುವುದು ಸಂಗೀತದ ಒಳಗೇ ಇರಬೇಕು.

ಏಳುಮಾತ್ರೆ

ಕಿಂಗ್ ಗಿಜರ್ಡ್ ಆ್ಯಂಡ್ ದ ಲಿಜರ್ಡ್ ವಿಜರ್ಡ್. ಆಸ್ಟ್ರೇಲಿಯಾದ ಮೆಲ್ಬರ್ನ್‌ನವರು. 2017ರ ಒಂದೇ ವರ್ಷದಲ್ಲಿ ಐದು ಆಲ್ಬಂ ತಂದರು, ಐದೂ ಬೇರೆ ಬೇರೆ ಬಗೆಯವು. ನಾಲ್ಕನೆಯದಾದ "ಪಾಲಿಗೊಂಡ್ವಾನಾಲ್ಯಾಂಡ್" ಅನ್ನು ಉಚಿತವಾಗಿ ಕೊಟ್ಟು, ಯಾರು ಬೇಕಾದರೂ ಡಿಸ್ಕ್ ಮಾಡಿಕೊಳ್ಳಿ ಎಂದುಬಿಟ್ಟರು.

ನೀವು ಆ ವರ್ಷದ ಮೊದಲನೆಯದರಿಂದ ಶುರು ಮಾಡಿ: "ಫ್ಲೈಯಿಂಗ್ ಮೈಕ್ರೋಟೋನಲ್ ಬನಾನಾ". ಗಿಟಾರಿಗೆ ಹೆಚ್ಚುವರಿ ಫ್ರೆಟ್ (ಸ್ವರದ ಜಾಗ ಗುರುತಿಸುವ ಲೋಹದ ಪಟ್ಟಿ) ಕೂರಿಸಿ, ಮಾಮೂಲಿ ಸ್ವರಗಳ ನಡುವೆ ಅಡಗಿರುವ ಸ್ವರಗಳನ್ನು ನುಡಿಸಿದ್ದಾರೆ. ಮೊದಲ ಸಲ ಶ್ರುತಿ ತಪ್ಪಿದೆ ಎಂದುಕೊಂಡು ನಿಲ್ಲಿಸಿಬಿಟ್ಟೆ. ಮೂರನೆಯ ಸಲಕ್ಕೆ ಆ ತಪ್ಪಿದ ಸ್ವರವೇ ಇಡೀ ದಿನ ತಲೆಯಲ್ಲಿ ಸುತ್ತುತ್ತಿತ್ತು.

ಶ್ರುತಿಪೆಟ್ಟಿಗೆ

ಏಳುಮಾತ್ರೆ ಅವರ ಮಾತಿಗೆ ಒಂದು ಸೇರ್ಪಡೆ. ನಮ್ಮ ಸಂಗೀತದಲ್ಲೂ ಇಂಥ ಸೂಕ್ಷ್ಮ ಸ್ವರಗಳಿವೆಯಲ್ಲ, ಇದರಲ್ಲೇನು ಹೊಸತು ಎಂದು ಕೇಳುವವರಿದ್ದಾರೆ. ವ್ಯತ್ಯಾಸವಿದೆ. ಗಮಕದಲ್ಲಿ ಸ್ವರ ಜಾರುತ್ತದೆ, ತೂಗುತ್ತದೆ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಆ ಸೂಕ್ಷ್ಮ ಜಾಗವನ್ನು ಮುಟ್ಟುತ್ತದೆ. ಇಲ್ಲಿ ಹಾಗಲ್ಲ, ಫ್ರೆಟ್ ಮೇಲೆ ಬೆರಳಿಟ್ಟು ಅದೇ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ, ಅದನ್ನೇ ರಿಫ್, ಅಂದರೆ ಮರಳಿ ಮರಳಿ ಬರುವ ಸಣ್ಣ ಸ್ವರಗುಚ್ಛ ಮಾಡಿ ಹತ್ತಾರು ಸಲ ಬಡಿಯುತ್ತಾರೆ. ಟರ್ಕಿಯ ಬಾಗ್ಲಾಮಾ ವಾದ್ಯ ಇದಕ್ಕೆ ಪ್ರೇರಣೆ. ಕಿವಿಗೆ ಚುಚ್ಚುವುದು ಆ ಹಟದಿಂದಲೇ.

ಹಳೆಯಕ್ಯಾಸೆಟ್

ವರ್ಷಕ್ಕೆ ಐದು ಆಲ್ಬಂ ಮಾಡಿದ್ದು ಹೆಗ್ಗಳಿಕೆ ಹೇಗಾಗುತ್ತದೆ? ಐದನ್ನು ಸೋಸಿ ಒಂದು ಮಾಡಿದ್ದರೆ ನಾನು ಕೈಮುಗಿಯುತ್ತಿದ್ದೆ. ಎಲ್ಲವನ್ನೂ ಹೊರಗೆ ಹಾಕಿ, ಆರಿಸಿಕೊಳ್ಳುವ ಕೆಲಸವನ್ನು ಕೇಳುಗನ ತಲೆಗೆ ಕಟ್ಟುವುದು ಸರಿಯಲ್ಲ.

ರಾತ್ರಿಕೇಳುಗ ಅವರೇ, ನಿಮಗೆ ಗಿಟಾರ್ ಇಷ್ಟವಿದ್ದ ಹಾಗಿದೆ. ಟೆಲಿವಿಷನ್ ಎಂಬ ನ್ಯೂಯಾರ್ಕ್ ಬ್ಯಾಂಡಿನ "ಮಾರ್ಕೀ ಮೂನ್" ಕೇಳಿ, 1977ರದು. ಟಾಮ್ ವರ್ಲೇನ್, ರಿಚರ್ಡ್ ಲಾಯ್ಡ್ ಇಬ್ಬರ ಗಿಟಾರ್. ಒಂದು ಗಿಟಾರ್ ತಾಳ ಕೊಡುವುದು, ಇನ್ನೊಂದು ಮೆರೆಯುವುದು ಎಂಬ ಏರ್ಪಾಡೇ ಅಲ್ಲಿಲ್ಲ. ಇಬ್ಬರು ಜಾಣರು ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡು ಬೆಳೆಸುವ ಹಾಗೆ ನುಡಿಸುತ್ತಾರೆ. ಶೀರ್ಷಿಕೆ ಹಾಡು ಹತ್ತು ನಿಮಿಷದ್ದು. ಮೂಲ ಎಲ್‌ಪಿಯಲ್ಲಿ ಕೊನೆಗೆ ದನಿ ಇಳಿಯುತ್ತಾ ಮುಗಿಯುತ್ತದೆ. ಮುಂದೆ ಬಂದ ಸಿಡಿಯಲ್ಲಿ ಪೂರ್ತಿ ಮುಕ್ತಾಯವಿದೆ. ಪೂರ್ತಿ ಇರುವುದನ್ನೇ ಕೇಳಿ.

ಏಳುಮಾತ್ರೆ

ಸೋಸುವುದು ಒಂದು ದಾರಿ, ಹರಿಯಬಿಡುವುದು ಇನ್ನೊಂದು. ಮಾರ್ಕೀ ಮೂನ್ ದೊಡ್ಡ ಆಲ್ಬಂ ಎಂಬುದರಲ್ಲಿ ತಕರಾರಿಲ್ಲ.

ಕೆಳದನಿ

ಮೆಟಾಲಿಕಾ ಪ್ರಿಯರಿಗೆ ಒಂದು ಕೊಂಡಿ ಕೊಡುತ್ತೇನೆ. 1986ರಲ್ಲಿ ಆ ತಂಡದ ಬಾಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡಾಗ ಅವರ ಜಾಗಕ್ಕೆ ಪರೀಕ್ಷೆ ಕೊಟ್ಟವರಲ್ಲಿ ಲೆಸ್ ಕ್ಲೇಪೂಲ್ ಒಬ್ಬರು. ಮೆಟಾಲಿಕಾದ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಅವರ ಶಾಲಾದಿನಗಳ ಗೆಳೆಯ. ಆಯ್ಕೆಯಾಗಲಿಲ್ಲ. ಆಗದಿದ್ದದ್ದೇ ಒಳ್ಳೆಯದಾಯಿತು, ಏಕೆಂದರೆ ನಮಗೆ ಪ್ರೈಮಸ್ ಸಿಕ್ಕಿತು.

ಪ್ರೈಮಸ್‌ನಲ್ಲಿ ಬಾಸ್ ಗಿಟಾರೇ ಯಜಮಾನ. ಸಾಮಾನ್ಯವಾಗಿ ಬಾಸ್ ಕೆಳಗೆ ಕುಳಿತು ಮನೆಯ ಭಾರ ಹೊರುತ್ತದೆ. ಇಲ್ಲಿ ಅದು ಕುಣಿಯುತ್ತದೆ, ಗೊಣಗುತ್ತದೆ, ಜಗಳ ತೆಗೆಯುತ್ತದೆ. ಕ್ಲೇಪೂಲ್ ತಂತಿಯನ್ನು ಹೆಬ್ಬೆರಳಿನಿಂದ ಬಡಿದು, ಬೆರಳಿನಿಂದ ಕಿತ್ತು ನುಡಿಸುವಾಗ ಡ್ರಮ್ ಯಾವುದು, ಬಾಸ್ ಯಾವುದು ಎಂದು ಒಂದು ಕ್ಷಣ ಗಲಿಬಿಲಿಯಾಗುತ್ತದೆ. "ಸೇಲಿಂಗ್ ದ ಸೀಸ್ ಆಫ್ ಚೀಸ್" ನಿಂದ ಶುರು ಮಾಡಿ, 1991ರದು. ಮೊಬೈಲಿನ ಸ್ಪೀಕರಿನಲ್ಲಿ ದಯವಿಟ್ಟು ಕೇಳಬೇಡಿ. ಅರ್ಧ ಸಂಗೀತವೇ ಇರುವುದಿಲ್ಲ.

ಇಂಚರ

ಇಷ್ಟು ಗದ್ದಲದ ನಡುವೆ ಒಂದು ಶಾಂತವಾದ ಹೆಸರು: ಸಿಗುರ್ ರೋಸ್. ಐಸ್‌ಲ್ಯಾಂಡಿನವರು. ಜೋನ್ಸಿ ಎಂಬ ಗಾಯಕ ಗಿಟಾರನ್ನು ಚೆಲ್ಲೊ ಕಮಾನಿನಿಂದ ನುಡಿಸುತ್ತಾರೆ. ಹಾಡುವುದು ತಾವೇ ಕಟ್ಟಿಕೊಂಡ ಭಾಷೆಯಲ್ಲಿ. ಒಂದು ಪದವೂ ಅರ್ಥವಾಗದಿದ್ದರೂ ನಾನು ಅತ್ತಿದ್ದೇನೆ.

ಪದಕುತೂಹಲಿ

ಇಂಚರ ಅವರೇ, ಸಣ್ಣ ತಿದ್ದುಪಡಿ. ಅವರ ಬಹುಪಾಲು ಹಾಡುಗಳು ಐಸ್‌ಲ್ಯಾಂಡಿಕ್ ಭಾಷೆಯಲ್ಲೇ ಇವೆ. ವೊನ್ಲೆನ್ಸ್ಕಾ ಎಂದು ಕರೆಯುವ ಅರ್ಥವಿಲ್ಲದ ದನಿಗಳು ಕೆಲವು ಹಾಡುಗಳಲ್ಲಿ ಬರುತ್ತವೆ. ಅದನ್ನು ಭಾಷೆ ಎನ್ನುವುದೂ ಕಷ್ಟ. ವ್ಯಾಕರಣವಿಲ್ಲ, ಪದಕ್ಕೊಂದು ಅರ್ಥವಿಲ್ಲ. ಆಲಾಪನೆಯಲ್ಲಿ ತದರಿನ ಎನ್ನುತ್ತೇವಲ್ಲ, ಹಾಗೆ. ಇಡೀ ಆಲ್ಬಂ ವೊನ್ಲೆನ್ಸ್ಕಾದಲ್ಲೇ ಇರುವುದು 2002ರದು. ಅದಕ್ಕೆ ಹೆಸರೂ ಇಲ್ಲ, ಮುಖಪುಟದಲ್ಲಿ ಎರಡು ಆವರಣ ಚಿಹ್ನೆಗಳು ಮಾತ್ರ.

ನಿಜವಾಗಿ ಭಾಷೆ ಕಟ್ಟಿದವರು ಬೇಕೆಂದರೆ ಫ್ರಾನ್ಸಿನ ಮಾಗ್ಮಾ ಇದೆ. ಡ್ರಮ್ಮರ್ ಕ್ರಿಸ್ಟಿಯಾನ್ ವಾಂಡೇರ್ 1969ರಲ್ಲಿ ಕಟ್ಟಿದ ತಂಡ. ಕೊಬಾಯಿಯಾ ಎಂಬ ಕಲ್ಪನೆಯ ಗ್ರಹ, ಅಲ್ಲಿನ ಜನರ ಭಾಷೆ, ಆ ಭಾಷೆಯಲ್ಲೇ ಹಾಡು. ಫ್ರೆಂಚ್ ಮಾತಿನ ದನಿ ತಮ್ಮ ಸಂಗೀತದ ಬಿರುಸಿಗೆ ಸಾಲದು ಎಂದು ಅವರಿಗೆ ಅನ್ನಿಸಿತ್ತು.

ಇಂಚರ

ತಿದ್ದಿದ್ದಕ್ಕೆ ಧನ್ಯವಾದ. ಅತ್ತದ್ದು ಮಾತ್ರ ನಿಜ, ಅದನ್ನು ತಿದ್ದಲಾಗದು.

ತಗಡುಸದ್ದು

ವಾದ್ಯವೇ ವಿಚಿತ್ರವಾಗಿರುವ ತಂಡ ಬೇಕೇ? ಕಾಂಗೋದ ಕಿನ್ಶಾಸಾ ನಗರದ ಕೊನೊನೊ ನಂಬರ್ ಒನ್. ಲಿಕೆಂಬೆ ಎಂಬ ಪುಟ್ಟ ವಾದ್ಯ: ಮರದ ಪೆಟ್ಟಿಗೆಯ ಮೇಲೆ ಲೋಹದ ಪಟ್ಟಿಗಳು, ಎರಡೂ ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಟಿಂಗ್ ಎನ್ನುತ್ತದೆ. ಅಂಗೈಯೊಳಗಿನ ದನಿ ಅದು. ಆದರೆ ದೊಡ್ಡ ನಗರದ ವಾಹನಗಳ ಅಬ್ಬರದಲ್ಲಿ ಅದು ಯಾರಿಗೆ ಕೇಳಿಸಬೇಕು? ತಂಡ ಕಟ್ಟಿದ ಮಿಂಗಿಯೆಡಿ ಹಳೆಯ ಕಾರುಗಳ ಭಾಗಗಳಿಂದ ಅಯಸ್ಕಾಂತ ತೆಗೆದು, ಲಿಕೆಂಬೆಗೆ ಮೈಕ್ ಮಾಡಿಕೊಂಡರು. ಧ್ವನಿವರ್ಧಕಗಳೂ ಅಂಥವೇ. ಆ ಜೋಡಣೆಯಿಂದ ದನಿ ಒಡೆದು, ಕರಕರ ಎಂದು ಹರಿದು ಬಂತು. ಅದನ್ನು ಮರೆಮಾಚಲು ಹೋಗದೆ ಅದನ್ನೇ ತಮ್ಮ ಗುರುತಾಗಿ ಮಾಡಿಕೊಂಡರು. ಲಕ್ಷಗಟ್ಟಲೆ ಖರ್ಚು ಮಾಡಿ ರಾಕ್ ಗಿಟಾರಿನವರು ಹುಡುಕುವ ಆ ಒಡಕು ಇವರಿಗೆ ಗುಜರಿಯಿಂದಲೇ ಸಿಕ್ಕಿತು.

"ಕಾಂಗೋಟ್ರಾನಿಕ್ಸ್" ಆಲ್ಬಂ. ಮೊದಲ ಎರಡು ನಿಮಿಷ ಸುಮ್ಮನೆ ಒಂದೇ ಥರ ಅನ್ನಿಸುತ್ತದೆ. ತಡೆದುಕೊಳ್ಳಿ. ಕೆಳಸ್ಥಾಯಿಯ ಲಿಕೆಂಬೆ ಸೇರಿಕೊಂಡ ಮೇಲೆ ಕಾಲು ತಾನಾಗಿ ಆಡತೊಡಗುತ್ತದೆ.

ಹಳೆಯಕ್ಯಾಸೆಟ್

ಕೊನೊನೊ ರಾಕ್ ಬ್ಯಾಂಡ್ ಅಲ್ಲ.

ತಗಡುಸದ್ದು

ವಿದ್ಯುತ್ತಿನಿಂದ ದನಿ ಒಡೆಸಿ, ತಾಳ ಬಡಿದು ಜನರನ್ನು ಕುಣಿಸುವುದು ರಾಕ್ ಅಲ್ಲದಿದ್ದರೆ ಯಾವುದು ರಾಕ್? ಪ್ರಶ್ನೆ ಕೇಳಿದವರು ವಿಚಿತ್ರ ತಂಡಗಳೂ ಬೇಕು ಎಂದಿದ್ದಾರೆ, ಓದಿ.

ಹಸಿರುಕೊಳಲು

ವಾದ್ಯದ ಮಾತು ಬಂತು, ಹಾಗಾಗಿ ವಿಯೆನ್ನಾದ ವೆಜಿಟೇಬಲ್ ಆರ್ಕೆಸ್ಟ್ರಾ. 1998ರಿಂದ ನಡೆದಿದೆ. ಕ್ಯಾರೆಟ್ ಕೊರೆದು ಕೊಳಲು, ಕುಂಬಳಕಾಯಿ ಡ್ರಮ್. ಪ್ರತಿ ಕಛೇರಿಗೂ ತಾಜಾ ತರಕಾರಿಯಿಂದ ಹೊಸದಾಗಿ ವಾದ್ಯ ಮಾಡಿಕೊಳ್ಳುತ್ತಾರೆ. ಕೊನೆಗೆ ಕೇಳುಗರಿಗೆ ತರಕಾರಿ ಸೂಪ್.

ಕೆಳದನಿ

ಪ್ರಶ್ನೆಯಲ್ಲಿ ಬೇಡ ಎಂದದ್ದು ಇದನ್ನೇ ಅಲ್ಲವೇ? ನೋಡಲು ಮಜವಾಗಿದೆ, ಕಣ್ಣು ಮುಚ್ಚಿದರೆ ಏನು ಉಳಿಯುತ್ತದೆ?

ಹಸಿರುಕೊಳಲು

ಕಣ್ಣು ಮುಚ್ಚಿ ಕೇಳಿಯೇ ಹೇಳುತ್ತಿದ್ದೇನೆ. ಒಣ ಈರುಳ್ಳಿ ಸಿಪ್ಪೆಯನ್ನು ಮೈಕಿನ ಹತ್ತಿರ ಉಜ್ಜಿದರೆ ಬರುವ ಸರಸರ ಸದ್ದನ್ನು ಡ್ರಮ್ ಜೊತೆಗಿನ ಯಾವ ಸಿಂಬಲ್ ತಟ್ಟೆ ಕೂಡ ಕೊಡಲಾರದು. ಒಂದು ಸಂಗತಿ ಯೋಚಿಸಿ: ಕ್ಯಾರೆಟ್ಟಿನ ನೀರು ಆರುತ್ತಾ ಬಂದಂತೆ ಅದರ ದನಿಯೂ ಬದಲಾಗುತ್ತದೆ. ವಾದ್ಯ ಸಾಯುತ್ತಿರುವಾಗಲೇ ನುಡಿಸಬೇಕು. ಇದು ಸಂಗೀತದ ಒಳಗಿನ ಮಾತಲ್ಲವೇ?

ಕೆಳದನಿ

ಆ ಮಾತು ಚೆನ್ನಾಗಿದೆ. ಕೇಳಿ ನೋಡುತ್ತೇನೆ.

ರಾತ್ರಿಕೇಳುಗ

ಎಲ್ಲರಿಗೂ ಧನ್ಯವಾದ. ಎರಡು ರಾತ್ರಿ ಕೇಳಿದೆ. ಮಾರ್ಕೀ ಮೂನ್ ತಕ್ಷಣ ಹಿಡಿಸಿತು. ಪ್ರೈಮಸ್‌ನಲ್ಲಿ ಬಾಸ್ ಅದ್ಭುತ, ಗಾಯಕನ ಮೂಗುದನಿಗೆ ಇನ್ನೂ ಒಗ್ಗಿಕೊಂಡಿಲ್ಲ. ಕೊನೊನೊ ಕೇಳಿ ನಿಜವಾಗಿ ಬೆಚ್ಚಿಬಿದ್ದೆ. ಮುಂದೆ ಏನಾಗುತ್ತದೆ ಎಂದು ತಿಳಿಯದೆ ಕುಳಿತು ಎಷ್ಟು ವರ್ಷವಾಗಿತ್ತೋ. ಬಾಗ್ಲಾಮಾ ಸ್ವರದ ಆ ಗಿಟಾರ್ ಮಾತ್ರ ಹಲ್ಲು ಜುಮ್ಮೆನ್ನಿಸಿತು. ಇನ್ನೊಮ್ಮೆ ಪ್ರಯತ್ನಿಸುತ್ತೇನೆ.

ಏಳುಮಾತ್ರೆ

ಮೂರನೆಯ ಸಲದವರೆಗೆ ತೀರ್ಪು ಕೊಡಬೇಡಿ ಎಂದಷ್ಟೇ ಕೋರಿಕೆ. ನಿಮಗೆ ಪಿಂಕ್ ಫ್ಲಾಯ್ಡ್ ಇಷ್ಟ ಎಂದಿರಿ. ಅವರ "ಮನಿ" ಹಾಡಿನ ಬಾಸ್ ಏಳು ಮಾತ್ರೆಯದು, ನಮ್ಮ ಮಿಶ್ರಛಾಪಿನ ಲೆಕ್ಕ. ಗಿಟಾರ್ ಸೋಲೊ ಬಂದಾಗ ನಾಲ್ಕಕ್ಕೆ ಹೊರಳುತ್ತದೆ. ಅಲ್ಲಿ ಮೈ ಹಗುರವಾಗುವುದು ಅದಕ್ಕೇ. ಅಷ್ಟು ವರ್ಷ ಕೇಳಿದ ಹಾಡಿನಲ್ಲಿ ಅದನ್ನು ಎಣಿಸಿದ್ದೀರಾ?

ರಾತ್ರಿಕೇಳುಗ

ಎಣಿಸಿರಲಿಲ್ಲ. ಈಗಲೇ ಎಣಿಸಿದೆ. ಅಬ್ಬಾ!

ಮುಖವಾಡ

ವೇಷದವರು ಬೇಡ ಎಂದದ್ದನ್ನು ನಾನು ಒಪ್ಪುವುದಿಲ್ಲ. ದ ರೆಸಿಡೆಂಟ್ಸ್ ನೋಡಿ. ದೊಡ್ಡ ಕಣ್ಣುಗುಡ್ಡೆಯ ಮುಖವಾಡ, ಮೇಲೊಂದು ಟೋಪಿ, ಉದ್ದ ಕೋಟು. ಎಪ್ಪತ್ತರ ದಶಕದಿಂದ ತಾವು ಯಾರೆಂದು ಹೇಳದೆಯೇ ಸಂಗೀತ ಮಾಡಿದರು. ಅವರ ಬಹುಪಾಲು ಸಂಗೀತ ರಚಿಸಿದವರು ಹಾರ್ಡಿ ಫಾಕ್ಸ್ ಎಂಬುದು ಅವರ ಬದುಕಿನ ಕೊನೆಗಾಲದಲ್ಲಿ ತಿಳಿಯಿತು; 2018ರಲ್ಲಿ ತೀರಿಕೊಂಡರು. ಇಲ್ಲಿ ವೇಷ ಎಂದರೆ ಮೆರೆಯುವುದಲ್ಲ, ಮರೆಯಾಗುವುದು. ಹಾಡಿದವನ ಮುಖ, ಪ್ರೇಮಕಥೆ, ಮನೆತನ ಯಾವುದೂ ಇಲ್ಲದೆ ಬರೀ ದನಿಯ ಮುಂದೆ ನಮ್ಮನ್ನು ಕೂರಿಸುತ್ತಾರೆ. 1980ರ "ಕಮರ್ಷಿಯಲ್ ಆಲ್ಬಂ" ಕೇಳಿ. ನಲವತ್ತು ಹಾಡುಗಳು, ಒಂದೊಂದೂ ಸುಮಾರು ಒಂದು ನಿಮಿಷದ್ದು. ಪಾಪ್ ಹಾಡಿನಲ್ಲಿ ಪಲ್ಲವಿ, ಚರಣಗಳು ಮೂರು ಸಲ ಮರಳಿ ಬರುತ್ತವೆ, ಆ ಮರುಕಳಿಕೆ ತೆಗೆದರೆ ಉಳಿಯುವುದು ಒಂದೇ ನಿಮಿಷ ಎಂಬುದು ಅವರ ಲೆಕ್ಕ.

ಹಳೆಯಕ್ಯಾಸೆಟ್

ಇದನ್ನು ಮನಸ್ಸಿನಿಂದ ಒಪ್ಪುತ್ತೇನೆ. ಸೋಸುವುದು ಎಂದು ನಾನು ಹೇಳಿದ್ದು ಇದನ್ನೇ.

ಮೊದಲಪಾಠ

ದ ಶ್ಯಾಗ್ಸ್ ಹೆಸರು ಯಾರೂ ಎತ್ತಲಿಲ್ಲವಲ್ಲ! ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಪುಟ್ಟ ಊರಿನ ಮೂವರು ಅಕ್ಕತಂಗಿಯರು. 1969ರ "ಫಿಲಾಸಫಿ ಆಫ್ ದ ವರ್ಲ್ಡ್". ಗಿಟಾರ್ ಒಂದು ದಾರಿ, ಡ್ರಮ್ ಇನ್ನೊಂದು ದಾರಿ. ಹಾಡು ಮಾತ್ರ ಗಿಟಾರಿನ ಬೆನ್ನಿಗೇ ಅಂಟಿಕೊಂಡು ಪದಕ್ಕೆ ಪದ ಹೆಜ್ಜೆ ಹಾಕುತ್ತದೆ. ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ ತಮ್ಮ ಮೆಚ್ಚಿನ ಐವತ್ತು ಆಲ್ಬಂಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ್ದರು.

ಶ್ರುತಿಪೆಟ್ಟಿಗೆ

ಇದನ್ನು ಶಿಫಾರಸು ಮಾಡುವುದು ನನಗೆ ಸರಿಕಾಣುವುದಿಲ್ಲ, ಕ್ಷಮಿಸಿ. ಆ ಹುಡುಗಿಯರು ಬ್ಯಾಂಡ್ ಕಟ್ಟಬೇಕೆಂದು ಬಯಸಿದವರಲ್ಲ. ಮಕ್ಕಳು ಸಂಗೀತದಿಂದ ಹೆಸರು ಮಾಡುತ್ತಾರೆ ಎಂಬ ಭವಿಷ್ಯವನ್ನು ತನ್ನ ತಾಯಿಯ ಬಾಯಿಂದ ಕೇಳಿದ್ದ ಅಪ್ಪ ಅವರನ್ನು ಶಾಲೆ ಬಿಡಿಸಿ, ದಿನವಿಡೀ ಅಭ್ಯಾಸಕ್ಕೆ ಕೂರಿಸಿದರು. 1975ರಲ್ಲಿ ಅಪ್ಪ ತೀರಿಕೊಂಡದ್ದೇ ತಡ, ಅಕ್ಕತಂಗಿಯರು ಬ್ಯಾಂಡ್ ನಿಲ್ಲಿಸಿದರು. ಒತ್ತಾಯಕ್ಕೆ ನುಡಿಸಿದ್ದನ್ನು ನಾವು ವಿಚಿತ್ರ ಎಂದು ಸವಿಯುವುದು ಅನ್ಯಾಯ. ಒಬ್ಬಳು ಮಗಳು ತಪ್ಪಿದ ತಾಳವನ್ನು ಹುಡುಕುತ್ತಿರುವುದು ನನಗೆ ಪ್ರತಿ ಹಾಡಿನಲ್ಲೂ ಕೇಳುತ್ತದೆ. ನಾನೂ ಅಂಥ ಅಭ್ಯಾಸದ ಕೋಣೆಯಲ್ಲಿ ಬೆಳೆದವಳು. ಅದರಿಂದಾಗಿ ಈ ಆಲ್ಬಂ ಪೂರ್ತಿ ಕೇಳಲು ಆಗಲಿಲ್ಲ.

ಮೊದಲಪಾಠ

ನಿಮ್ಮ ನೋವು ಅರ್ಥವಾಗುತ್ತದೆ, ಶ್ರುತಿಪೆಟ್ಟಿಗೆ ಅವರೇ. ಆದರೆ ನಾನು ಅದನ್ನು ನಗಲು ಕೇಳುವುದಿಲ್ಲ. ಆ ಹಾಡುಗಳನ್ನು ಬರೆದದ್ದು ಅಪ್ಪನಲ್ಲ, ಆ ಮೂವರಲ್ಲಿ ಒಬ್ಬಳಾದ ಡಾಟ್. ಕಳೆದುಹೋದ ಬೆಕ್ಕಿನ ಬಗ್ಗೆ, ಅಪ್ಪ ಅಮ್ಮಂದಿರ ಬಗ್ಗೆ ತನಗೆ ತೋಚಿದ್ದನ್ನು ನೇರವಾಗಿ ಬರೆದಳು. ಅವಳ ಸಾಲುಗಳ ಅಳತೆ ಯಾವ ತಾಳಕ್ಕೂ ಹೊಂದುವುದಿಲ್ಲ, ಆದರೆ ಮಾತಿನ ಓಟಕ್ಕೆ ಸರಿಯಾಗಿ ಹೊಂದುತ್ತದೆ. ಅದು ಬೇರೆ ಯಾರದ್ದೂ ಅಲ್ಲ, ಅವಳದೇ. ಒತ್ತಾಯ ಅಪ್ಪನದು ಎಂಬ ಕಾರಣಕ್ಕೆ ಹಾಡನ್ನೂ ಅವಳ ಕೈಯಿಂದ ಕಿತ್ತುಕೊಳ್ಳಬೇಕೇ?

ಇಂಚರ

ಇಬ್ಬರ ಮಾತೂ ನಿಜ ಎನ್ನಿಸುತ್ತಿದೆ. ಆ ಆಲ್ಬಂ ಹಿಂದಿನ ಕಥೆ ಗೊತ್ತಿದ್ದು ಕೇಳುವುದೇ ಸರಿ. ಕಥೆ ಮುಚ್ಚಿಟ್ಟು ಗೆಳೆಯರ ಮುಂದೆ ಹಚ್ಚಿ ನಗಿಸುವುದು ಮಾತ್ರ ತಪ್ಪು.

ತಗಡುಸದ್ದು

ತಾವಾಗಿ ಆರಿಸಿಕೊಂಡು ತಪ್ಪು ನುಡಿಸಿದವರೂ ಇದ್ದಾರೆ. ಪೋರ್ಟ್ಸ್‌ಮತ್ ಸಿನ್ಫೋನಿಯಾ, 1970ರಲ್ಲಿ ಇಂಗ್ಲೆಂಡಿನ ಕಲಾಶಾಲೆಯೊಂದರಲ್ಲಿ ಶುರುವಾದದ್ದು. ವಾದ್ಯ ಬಾರದವರು, ಇಲ್ಲವೇ ತಮಗೆ ಬಾರದ ವಾದ್ಯ ಹಿಡಿದವರು. ಆದರೆ ನಿಯಮ ಕಟ್ಟುನಿಟ್ಟು: ಅಭ್ಯಾಸಕ್ಕೆ ಬರಲೇಬೇಕು, ಬೇಕೆಂದೇ ತಪ್ಪು ನುಡಿಸುವಂತಿಲ್ಲ. ಹೆಸರಾಂತ ಸಂಗೀತಗಾರ ಬ್ರಯನ್ ಈನೊ ಅದರಲ್ಲಿ ಕ್ಲಾರಿನೆಟ್ ಹಿಡಿದಿದ್ದರು. 1974ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲೇ ಕಛೇರಿ ಮಾಡಿದರು. ಎಲ್ಲರೂ ಒಂದೇ ಸ್ವರಕ್ಕೆ ಗುರಿಯಿಟ್ಟು, ಅದರ ಸುತ್ತಮುತ್ತ ಬೀಳುವಾಗ ಹುಟ್ಟುವ ಆ ಮಬ್ಬು ದನಿಯಲ್ಲಿ ಒಂದು ಪ್ರೀತಿ ಇದೆ.

ಶ್ರುತಿಪೆಟ್ಟಿಗೆ

ಇದನ್ನು ಸಂತೋಷದಿಂದ ಕೇಳುತ್ತೇನೆ. ಮೊದಲಪಾಠ ಅವರೇ, ಬೆಕ್ಕಿನ ಹಾಡನ್ನೂ ಇನ್ನೊಮ್ಮೆ ಪ್ರಯತ್ನಿಸುವೆ. ಮಾತು ಕೊಡುವುದಿಲ್ಲ.

ಪದಕುತೂಹಲಿ

ವಿಷಯ ಸ್ವಲ್ಪ ಹೊರಳಿಸುತ್ತೇನೆ. ಹಾರ್ಮೋನಿಯಂ ಇಷ್ಟಪಡುವವರು ಪೆಂಗ್ವಿನ್ ಕೆಫೆ ಆರ್ಕೆಸ್ಟ್ರಾ ಕೇಳಿ. ಆ ತಂಡ ಕಟ್ಟಿದ ಸೈಮನ್ ಜೆಫ್ಸ್ ಜಪಾನಿನ ಕ್ಯೋಟೊ ನಗರದಲ್ಲಿ ಹಿಂದುಗಡೆಯ ಬೀದಿಯೊಂದರಲ್ಲಿ ಯಾರೋ ಬಿಟ್ಟುಹೋದ ಹಾರ್ಮೋನಿಯಂ ಕಂಡು, ಅದರ ಮೇಲೇ ಒಂದು ತುಣುಕು ಕಟ್ಟಿದರು. ಇನ್ನೊಂದು ಸಲ ಫೋನ್ ಮಾಡುವಾಗ ರಿಂಗಾಗುವ ದನಿ, ಎಂಗೇಜ್ ದನಿ ಎರಡೂ ಒಟ್ಟಿಗೆ ಕೇಳಿದವು. ಅದನ್ನು ಧ್ವನಿಮುದ್ರಿಸಿಕೊಂಡು, ರಬ್ಬರ್ ಬ್ಯಾಂಡ್ ಮೀಟಿ ಜೊತೆಗೂಡಿಸಿದರು. ಕೇಳಿದ ಮೇಲೆ ಫೋನಿನ ಸದ್ದು ನಿಮಗೆ ಮೊದಲಿನಂತೆ ಇರುವುದಿಲ್ಲ.

ಕೆಳದನಿ

ರಾಕ್ ಕಡೆಗೆ ಮರಳೋಣ. ಜರ್ಮನಿಯ ಕ್ಯಾನ್ ತಂಡವನ್ನು ಬಿಟ್ಟು ಈ ಮಾತು ಮುಗಿಯಬಾರದು. 1970ರಲ್ಲಿ ಮ್ಯೂನಿಕ್‌ನ ಕೆಫೆಯೊಂದರಲ್ಲಿ ಕುಳಿತಿದ್ದ ಬಾಸ್ ವಾದಕ ಹೋಲ್ಗರ್ ಶುಕಾಯ್ ಮತ್ತು ಡ್ರಮ್ಮರ್ ಯಾಕಿ ಲೀಬೆಜೈಟ್, ಹೊರಗೆ ಬೀದಿಯಲ್ಲಿ ಹಾಡುತ್ತಿದ್ದ ದಾಮೊ ಸುಜುಕಿಯನ್ನು ಕಂಡರು. ಅಂದು ರಾತ್ರಿಯೇ ನಮ್ಮ ಜೊತೆ ವೇದಿಕೆಗೆ ಬಾ ಎಂದರು. ಅಭ್ಯಾಸವಿಲ್ಲ, ಏನಿಲ್ಲ. ಹಾಗೆ ಬಂದವರು ಮೂರು ವರ್ಷ ಹಾಡಿದರು. 1971ರ "ಟಾಗೊ ಮಾಗೊ"ದಲ್ಲಿ "ಹಲ್ಲೆಲುವಾ" ಎಂಬ ಹಾಡಿದೆ, ಹದಿನೆಂಟು ನಿಮಿಷ. ಲೀಬೆಜೈಟ್ ಒಂದೇ ತಾಳವನ್ನು ಹಿಡಿದು ಕೂರುತ್ತಾರೆ, ಅಲುಗುವುದೇ ಇಲ್ಲ. ಅದು ಯಂತ್ರವಲ್ಲ, ಮನುಷ್ಯನ ಕೈ ಎಂಬುದು ಬಡಿತದಿಂದ ಬಡಿತಕ್ಕೆ ತಿಳಿಯುತ್ತದೆ.

ಹಳೆಯಕ್ಯಾಸೆಟ್

ಕೊನೆಗೂ ಒಂದು ಜಗಳವಾಡದ ಹೆಸರು. ಕ್ಯಾನ್‌ಗೆ ನನ್ನ ಮತವೂ ಇದೆ.

ಏಳುಮಾತ್ರೆ

ಹದಿನೆಂಟು ನಿಮಿಷ ಸೋಸಬೇಕಿರಲಿಲ್ಲವೇ?

ಹಳೆಯಕ್ಯಾಸೆಟ್

ಆ ತಂಡ ಗಂಟೆಗಟ್ಟಲೆ ನುಡಿಸಿ, ಶುಕಾಯ್ ಟೇಪ್ ಕತ್ತರಿಸಿ ಜೋಡಿಸಿ ಮಾಡಿದ ಆಲ್ಬಂ ಅದು. ಸೋಸಿ ಉಳಿದದ್ದೇ ಹದಿನೆಂಟು ನಿಮಿಷ!

ರಾತ್ರಿಕೇಳುಗ

ನಿನ್ನೆ "ಹಲ್ಲೆಲುವಾ" ಎರಡು ಸಲ ಕೇಳಿದೆ. ಎರಡನೆಯ ಸಲ ಗಾಯಕನನ್ನು ಬಿಟ್ಟು ಡ್ರಮ್ಮಿನ ಹಿಂದೆಯೇ ಹೋದೆ. ಸುಮಾರು ಆರನೆಯ ನಿಮಿಷದ ಹೊತ್ತಿಗೆ ತಾಳ ಎಣಿಸುವುದನ್ನು ನಿಲ್ಲಿಸಿದ್ದೆ, ಉಸಿರು ಅದಕ್ಕೆ ಹೊಂದಿಕೊಂಡುಬಿಟ್ಟಿತ್ತು. ಮುಗಿದ ಮೇಲೆ ಕೋಣೆಯ ಫ್ಯಾನಿನ ಸದ್ದಿನಲ್ಲೂ ಆ ತಾಳವೇ ಕೇಳುತ್ತಿತ್ತು, ಸ್ವಲ್ಪ ಹೊತ್ತು ಅದನ್ನೇ ಕೇಳುತ್ತಾ ಕುಳಿತಿದ್ದೆ. ಏಳುಮಾತ್ರೆ ಅವರೇ, ಇವತ್ತು ನಿಮ್ಮ ಮೈಕ್ರೋಟೋನಲ್ ಗಿಟಾರಿಗೆ ಮೂರನೆಯ ಸಲ.